ಸರ್ ಲ್ಯಾಂಬರ್ಟರ ಕುರ್ಚಿಯ ಹಿಂದೆ

ಬಂದ ನಗುವನ್ನು ತಡೆದುಕೊಳ್ಳುವವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ತಡೆದುಕೊಳ್ಳುವ ಶ್ರಮದ ಸುಳಿವೂ ಇಲ್ಲದ ಮುಖವನ್ನು ನೋಡಿದ್ದು ಮಾತ್ರ ಒಬ್ಬರದೇ, ವಿಂಟರ್‌ಕಾಟ್ ಬಂಗಲೆಯ ಬಟ್ಲರ್ ಗ್ಯಾರಡ್ ಅವರದು. ಒಮ್ಮೆ ಭೋಜನಕ್ಕೆ ಬಂದಿದ್ದ ಬಿಷಪ್ಪರು ಒಬ್ಬ ವಿಧವೆ ಮತ್ತು ಆಕೆಯ ಹಂದಿಯ ವಿಚಾರವಾಗಿ ಹೇಳಿದ ಕತೆಗೆ ಮೇಜಿನ ಸುತ್ತ ಕೂತವರೆಲ್ಲ ಕರವಸ್ತ್ರಕ್ಕೆ ಕೈಹಾಕಿದರು. ಗೋಡೆಯ ಬಳಿ ಸಾರಿನ ಬಟ್ಟಲು ಹಿಡಿದು ನಿಂತಿದ್ದ ನಾನು ಕೆನ್ನೆಯನ್ನು ಒಳಗಿನಿಂದ ಕಚ್ಚಿ ರಕ್ತ ಬರಿಸಿಕೊಂಡೆ. ಗ್ಯಾರಡ್ ಅವರು ಧಣಿಯ ಕುರ್ಚಿಯ ಹಿಂದೆ, ಮತ್ತೆ ಬಡಿಸುವ ಹೊತ್ತಿಗಾಗಿ ಕಾಯುತ್ತ, ಪರಮ ಶಾಂತವಾಗಿ ನಿಂತಿದ್ದರು. ಇಂಥ ಶಿಸ್ತು ಈಗಿನ ಕಾಲದಲ್ಲಿ ಎಷ್ಟು ಕೊಟ್ಟರೂ ಸಿಗುವುದಿಲ್ಲ ಎಂದು ಬಿಷಪ್ಪರು ಹೊಗಳಿದರು. ನಮ್ಮ ಧಣಿ ಸರ್ ಲ್ಯಾಂಬರ್ಟ್ ವೆನಿಂಗ್ ತಮ್ಮನ್ನೇ ಹೊಗಳಿದಂತೆ ಉಬ್ಬಿಹೋದರು. ಆ ಹೊಗಳಿಕೆಗೂ ಗ್ಯಾರಡ್ ಅವರ ಮುಖ ಅಲುಗಲಿಲ್ಲ. ಅಲುಗುವುದಾದರೂ ಹೇಗೆ? ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಇದು ಬಂಗಲೆಯ ಮೇಲಂತಸ್ತಿನಲ್ಲಿ ಒಬ್ಬರಿಗೂ ಗೊತ್ತಾಗದೆ ಉಳಿದದ್ದು ಹೇಗೆಂದು ಹೊರಗಿನವರು ಕೇಳಬಹುದು. ನಮ್ಮ ಕಸುಬು ಬಲ್ಲವರು ಕೇಳುವುದಿಲ್ಲ. ಊಟದ ಕೋಣೆಯಲ್ಲಿ ನಿಲ್ಲುವ ಆಳಿಗೆ ಮೊದಲ ಪಾಠವೇ ಕೇಳಿಸಿಕೊಳ್ಳದಿರುವುದು. ಉಯಿಲು, ವ್ಯಾಜ್ಯ, ಮುರಿದ ನಿಶ್ಚಿತಾರ್ಥ, ಯಾರದೋ ಹೆಂಡತಿಯ ಪ್ಯಾರಿಸ್ ಪ್ರವಾಸ, ಎಲ್ಲವನ್ನೂ ಊಟಕ್ಕೆ ಕೂತವರು ನಮ್ಮೆದುರಿಗೇ, ನಾವೂ ಕುರ್ಚಿ ಬೀರುಗಳ ಸಾಲಿಗೆ ಸೇರಿದವರೆಂಬಂತೆ ಮಾತಾಡುತ್ತಿದ್ದರು. ನಾವು ಕೇಳಿಸಿಕೊಂಡೂ ಕೇಳದವರಂತೆ ನಿಂತಿರಲು ವರ್ಷಗಟ್ಟಲೆ ಪಳಗಬೇಕಾಗುತ್ತಿತ್ತು. ಅಂಥ ಮನೆಯಲ್ಲಿ ನಿಜವಾಗಿ ಕಿವುಡಾದವನು ಎಲ್ಲರಿಗಿಂತ ಹೆಚ್ಚು ಪಳಗಿದವನಾಗಿ ಕಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಗ್ಯಾರಡ್ ಅವರ ನಡಿಗೆಗೆ ಒಂದು ವಿಶೇಷ ಗಾಂಭೀರ್ಯವಿತ್ತು. ಅಂಗಾಲನ್ನು ಪೂರ್ತಿ ಊರಿ, ಬಲಗೈಯ ಬೆರಳ ತುದಿಗಳನ್ನು ಗೋಡೆಯ ಮರದ ಹಲಗೆಗಳ ಮೇಲೆ ಹಗುರಾಗಿ ಆಡಿಸುತ್ತ ಅವರು ಓಣಿಯಲ್ಲಿ ಬರುವಾಗ ಅತಿಥಿಗಳು ಅದನ್ನು ಹಳೆಯ ಮನೆಯ ಮೇಲಿನ ಮಮತೆಯೆಂದು ಭಾವಿಸುತ್ತಿದ್ದರು. ಹಿಂದಿನಿಂದ ಬರುವವರ ಹೆಜ್ಜೆಯ ಅದುರನ್ನು ಅವರು ಆ ಬೆರಳುಗಳಿಂದ ತಿಳಿಯುತ್ತಿದ್ದರು. ಮೊಣಕೈಗಳಲ್ಲಿ ಸವೆದು ಹಸಿರಿಗೆ ತಿರುಗಿದ್ದ ಕಪ್ಪು ಕೋಟನ್ನು ಜುಲೈ ತಿಂಗಳ ಧಗೆಯಲ್ಲೂ ಬಿಚ್ಚಿದವರಲ್ಲ. ಅಡುಗೆಮನೆಯ ಓಣಿಯಲ್ಲಿ ಸಾಲಾಗಿ ತೂಗುವ ಕರೆಗಂಟೆಗಳಿಗೆ ಒಂದೊಂದು ಲೋಲಕ ಕಟ್ಟಿತ್ತು. ಗಂಟೆ ನಿಂತ ಮೇಲೂ ಲೋಲಕ ಒಂದಿಷ್ಟು ಹೊತ್ತು ಆಡುತ್ತದೆ. ಅದನ್ನು ನೋಡಿ ಯಾವ ಕೋಣೆಯ ಕರೆಯೆಂದು ಗುರುತಿಸಿ ಅವರು ಹೊರಡುತ್ತಿದ್ದರು. ಎದುರು ನಿಂತವರ ತುಟಿ ಓದುತ್ತಿದ್ದರು. ಓದಲಾಗದಿದ್ದಾಗ, “ನೋಡ್ತೀನಿ, ಧಣಿ,” ಎಂಬ ಒಂದೇ ಉತ್ತರ ಎಲ್ಲ ಅಪ್ಪಣೆಗಳಿಗೂ ಹೊಂದುತ್ತಿತ್ತು. ಲಂಡನ್ನಿನಿಂದ ಬಂದಿದ್ದ ಹೆಂಗಸೊಬ್ಬಳು ಬೀಸಣಿಗೆಯ ಮರೆಯಲ್ಲಿ ಗಂಡನ ನೆಗಡಿಯ ವಿಚಾರ ಏನೋ ಕೇಳಿದಾಗ ಹಾಗೆಂದು ಹೋಗಿ ಸಾಸಿವೆ ತಂದಿಟ್ಟರು. ಆಕೆ ಅದನ್ನು ಎದೆಗೆ ಹಚ್ಚುವ ಔಷಧದ ಸೂಚನೆಯೆಂದು ತಿಳಿದು, ಮರುವಾರ ಕೃತಜ್ಞತೆ ಹೇಳಿಕಳಿಸಿದಳು.

ಆಳುಗಳಿರುವ ಕೆಳಮನೆಯಲ್ಲಿ ಗುಟ್ಟನ್ನು ಮೊದಲು ಹಿಡಿದವಳು ಅಡುಗೆಯ ಮಿಸೆಸ್ ಪಾಸ್ಕ್. ಒಲೆಯ ಕಡೆ ಮುಖಮಾಡಿಕೊಂಡು ಆಕೆ ಒಂದು ದಿನ, “ಈ ಮುದುಕಪ್ಪ ಸತ್ತ ಮೇಲೂ ಬೆಳಿಗ್ಗೆ ಎದ್ದು ಬೆಳ್ಳಿ ಚಮಚ ಉಜ್ಜೋಕೆ ಬರ್ತಾನೆ, ನೋಡ್ತಿರಿ,” ಎಂದು ಗೊಣಗಿ ತಿರುಗಿದರೆ ಗ್ಯಾರಡ್ ಅವರು ಬೆನ್ನ ಹಿಂದೆಯೇ ನಿಂತಿದ್ದರು. ಆಕೆಯ ಜೀವ ಬಾಯಿಗೆ ಬಂತು. ಅವರು ಸಾವಧಾನವಾಗಿ, ಇವತ್ತು ಮೀನು ಯಾವ ತಟ್ಟೆಯಲ್ಲಿ ಹೋಗಬೇಕು ಎಂದು ಕೇಳಿದರು. ಆಕೆ ಯಾರಿಗೂ ಏನೂ ಹೇಳಲಿಲ್ಲ. ಆದರೆ ಅಂದಿನಿಂದ ಅವರನ್ನು ಬಯ್ಯಬೇಕಾದಾಗಲೆಲ್ಲ ಕೈ ಒರೆಸಿಕೊಂಡು, ಎದುರು ಬಂದು ನಿಂತು, ಬಿಡಿಸಿ ಬಿಡಿಸಿ ಬಯ್ಯತೊಡಗಿದಳು. ಅದನ್ನು ನೋಡಿ ನಾವೆಲ್ಲ ಅರ್ಥಮಾಡಿಕೊಂಡೆವು. ಆಳುಗಳ ಮನೆಯಲ್ಲಿ ಒಬ್ಬರ ಕಾಲನ್ನೊಬ್ಬರು ಎಳೆಯುವುದು ನಿತ್ಯದ ಮಾತಾದರೂ, ಈ ಒಂದು ವಿಚಾರದಲ್ಲಿ ಎಲ್ಲರ ಬಾಯಿಗೂ ಬೀಗ ಬಿತ್ತು. ಕಾರಣವಿತ್ತು. ಕುದುರೆಗಾಡಿ ಹೊಡೆಯುವ ಟಬ್ ಎಂಬವನು ತನ್ನ ಕಣ್ಣಿಗೆ ಪೊರೆ ಬಂದುದನ್ನು ಮುಚ್ಚಿಟ್ಟಿದ್ದನೆಂದು ತಿಳಿದ ದಿನವೇ ಧಣಿ ಅವನನ್ನು ಹೊರಹಾಕಿದ್ದರು. ಮೋಸವೊಂದನ್ನು ಬಿಟ್ಟು ಬೇರೇನನ್ನಾದರೂ ಕ್ಷಮಿಸುತ್ತೇನೆ ಎಂದು ಅವರು ಆಗಾಗ ಹೇಳಿಕೊಳ್ಳುತ್ತಿದ್ದರು.

ಗ್ಯಾರಡ್ ಅವರಿಗೆ ಜಗತ್ತಿನಲ್ಲಿದ್ದವಳು ಹೆಸ್ಟರ್ ಎಂಬ ತಂಗಿ ಒಬ್ಬಳೇ. ಆಕೆ ಷ್ರೂಸ್‌ಬರಿಯಲ್ಲಿ ಮೀನಿನಂಗಡಿಯ ಮೇಲಿನ ಕೋಣೆಯೊಂದರಲ್ಲಿ ಟೋಪಿ ಹೊಲಿದುಕೊಂಡು, ಕೆಮ್ಮಿಕೊಂಡು ಇದ್ದಳು. ಎಸ್ಟೇಟಿನ ಅಂಚಿನಲ್ಲಿ, ಹೊಳೆಯ ಒಡ್ಡಿನ ಪಕ್ಕ, ಹಳೆಯ ಗಿರಣಿಯವನ ಮನೆಯೊಂದು ಖಾಲಿ ಬಿದ್ದಿತ್ತು. ಆ ಮನೆಯಲ್ಲಿ ತಂಗಿಯನ್ನಿಟ್ಟುಕೊಂಡು, ಹಿತ್ತಲಲ್ಲಿ ಅವರೆಕಾಯಿ ಬೆಳೆದುಕೊಂಡು ಕೊನೆಗಾಲ ಕಳೆಯಬೇಕೆಂಬುದು ಅವರ ಆಸೆ. ರಜೆಯ ಮಧ್ಯಾಹ್ನಗಳಲ್ಲಿ ಅಲ್ಲಿಗೆ ಹೋಗಿ ಕಿಟಕಿಯೊಳಗೆ ಇಣುಕಿ ಬರುತ್ತಿದ್ದರು. ತಾವಾಗಿ ಕೇಳುವುದು ಬಟ್ಲರನ ಮರ್ಯಾದೆಯಲ್ಲ; ಧಣಿ ಕೊಟ್ಟರೆ ಉಂಟು.

ಧಣಿ ಕೊಟ್ಟರು. ಒಂದು ಭಾನುವಾರ, ಚರ್ಚಿನಿಂದ ಬಂದ ಸರ್ ಲ್ಯಾಂಬರ್ಟ್ ಒಬ್ಬರೇ ಊಟಕ್ಕೆ ಕೂತಿದ್ದರು. ಎದುರಿನ ಕಿಟಕಿಯಾಚೆ ನೋಡುತ್ತ, ಮಾಂಸದ ತುಂಡನ್ನು ಕತ್ತರಿಸುತ್ತ, ನಿನಗೂ ವಯಸ್ಸಾಯಿತು ಗ್ಯಾರಡ್, ಒಡ್ಡಿನ ಮನೆ ಖಾಲಿಯಿದೆ, ನಿನ್ನ ತಂಗಿಯನ್ನು ಕರೆಸಿಕೊಂಡು ಅಲ್ಲಿರು, ಏನಂತೀಯ ಎಂದರು. ಗ್ಯಾರಡ್ ಅವರು ಕುರ್ಚಿಯ ಹಿಂದೆ ನಿಂತಿದ್ದರು. ತುಟಿ ಕಾಣುವಂತಿರಲಿಲ್ಲ. ಧಣಿ ಕಾದರು. ನಾನು ಗೋಡೆಯ ಬಳಿಯಿಂದ ಕಣ್ಣರಳಿಸಿ, ಹುಬ್ಬೇರಿಸಿ ಸನ್ನೆ ಮಾಡಿದೆ. ಗ್ಯಾರಡ್ ಅವರು ನನ್ನ ಚೇಷ್ಟೆಗೆ ಹುಬ್ಬು ಗಂಟಿಕ್ಕಿ, ನೋಟವನ್ನು ಬೇರೆಡೆ ಹೊರಳಿಸಿದರು.

“ನನ್ನನ್ನ ಬಿಟ್ಟುಹೋಗೋಕೆ ಮನಸ್ಸಿಲ್ಲ, ಅಲ್ವಾ?” ಎಂದರು ಧಣಿ. ಕೈಯಲ್ಲಿದ್ದ ಚಾಕುವನ್ನು ತಟ್ಟೆಯ ಮೇಲಿಟ್ಟರು. “ಆಯ್ತು. ಇನ್ನು ಆ ಮಾತೆತ್ತಲ್ಲ.”

ಆ ಮನೆಯಲ್ಲಿ ಎರಡನೆಯ ಫುಟ್‌ಮನ್, ಅಂದರೆ ಬಟ್ಲರನ ಕೈಕೆಳಗಿನ ಆಳು, ಯಾರೇ ಆಗಿರಲಿ, ಅವನನ್ನು ಕರೆಯುವ ಹೆಸರು ಚಾರ್ಲ್ಸ್. ನಾನು ಹೊರಗೆ ಮಾತ್ರ ವಿಲ್ಫ್ರೆಡ್. ಮರುದಿನ ಬೆಳ್ಳಿ ಪಾತ್ರೆಗಳ ಕೋಣೆಯಲ್ಲಿ ಗ್ಯಾರಡ್ ಅವರೆದುರು ನಿಂತು ನಡೆದದ್ದನ್ನೆಲ್ಲ ನಿಧಾನವಾಗಿ ಹೇಳಿದೆ. ಅವರು ಮೊದಲು ಕೇಳಿದ್ದು, “ಊಟದ ಕೋಣೆ ಮಾತು ನಿನ್ನ ಬಾಯಿಗೆ ಹೇಗಪ್ಪ ಬಂತು, ಚಾರ್ಲ್ಸ್?” ಎಂದು. ಆಮೇಲೆ ಕೂತುಕೊಂಡರು. ನಮ್ಮೆದುರು ಅವರು ಕೂತದ್ದು ಅದೇ ಮೊದಲು. ಈಗಲೇ ಹೋಗಿ ಒಪ್ಪಿಗೆಯೆಂದುಬಿಡಿ ಎಂದು ನಾನು ಒತ್ತಾಯಿಸಿದೆ. ನಿನ್ನೆ ಯಾಕೆ ಸುಮ್ಮನಿದ್ದೆ ಎಂದು ಧಣಿ ಕೇಳಿದರೆ ಏನು ಹೇಳಲಿ, ಟಬ್‌ನ ಗತಿ ನೀನು ನೋಡಲಿಲ್ಲವೇ ಎಂದರು. ಆದರೂ ಕೋಟಿನ ಗುಂಡಿ ಸರಿಪಡಿಸಿಕೊಂಡು ಮೆಟ್ಟಿಲು ಹತ್ತಿದರು; ನಾನೂ ಹಿಂದೆಯೇ ಹೋದೆ. ಲೈಬ್ರರಿಯ ಬಾಗಿಲು ತೆರೆದಿತ್ತು. ಧಣಿ ಪಾದ್ರಿಗಳ ಎದುರು ಕೂತು, ಮನೆ ಕೊಡುತ್ತೇನೆಂದರೂ ಒಲ್ಲದ ತಮ್ಮ ಬಟ್ಲರನ ಕತೆ ಹೇಳುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಈ ಸಲ ತುಟಿಗಳು ಚೆನ್ನಾಗಿ ಕಾಣುತ್ತಿದ್ದವು. ಗ್ಯಾರಡ್ ಅವರು ಪಾದ್ರಿಗಳಿಗೆ ಶೆರ್ರಿ ಮದ್ಯ ಬಗ್ಗಿಸಿಕೊಟ್ಟು, ಒಪ್ಪಿಗೆಯ ಮಾತೆತ್ತದೆಯೇ ಕೆಳಗಿಳಿದು ಬಂದರು.

ಒಡ್ಡಿನ ಮನೆ ಬೇಟೆಕಾಡಿನ ಕಾವಲುಗಾರನ ಅಳಿಯನಿಗೆ ಹೋಯಿತು. ಕತೆ ಮಾತ್ರ ಧಣಿಯ ಬಳಿಯೇ ಉಳಿದು, ಭೋಜನದಿಂದ ಭೋಜನಕ್ಕೆ ಬೆಳೆಯಿತು. ಕೆಲವು ಸಲ ಅದರಲ್ಲಿ ಗ್ಯಾರಡ್ ಅವರು ಮಂಡಿಯೂರಿ ಬೇಡಿಕೊಂಡದ್ದೂ ಉಂಟು. ಧಣಿ ಅದನ್ನು ಹೇಳುವಾಗಲೆಲ್ಲ ಗ್ಯಾರಡ್ ಅವರು ಅದೇ ಕುರ್ಚಿಯ ಹಿಂದೆ ನಿಂತಿರುತ್ತಿದ್ದರು. ಹೆಸ್ಟರ್ ಒಂದು ಫೆಬ್ರವರಿಯಲ್ಲಿ ಮೀನಿನಂಗಡಿಯ ಮೇಲೆಯೇ ತೀರಿಕೊಂಡಳು. ಅಣ್ಣ ಒಂದು ದಿನ ರಜೆ ಪಡೆದು ಹೋಗಿ ಮಣ್ಣುಮಾಡಿ ಬಂದರು. ನನಗೆ ಆಗ ಧಣಿಯ ಮೇಲೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಅದರ ಮರುವರ್ಷ ಸರ್ ಲ್ಯಾಂಬರ್ಟ್ ಸತ್ತರು. ಚರ್ಚಿನಲ್ಲಿ ಪಾದ್ರಿಗಳು ಪ್ರವಚನದ ನಡುವೆ ಆ ಕತೆಯನ್ನೇ ಎತ್ತಿಕೊಂಡರು. ಮುಂದಿನ ಸಾಲುಗಳಲ್ಲಿದ್ದ ಕುಟುಂಬದವರೆಲ್ಲ ಹಿಂದಕ್ಕೆ ಹೊರಳಿ, ಒದ್ದೆಗಣ್ಣುಗಳಿಂದ ಆಳುಗಳ ಬೆಂಚಿನತ್ತ ನೋಡಿದರು. ಪಾದ್ರಿಗಳ ಮುಖಕ್ಕೆ ಕಂಬ ಅಡ್ಡವಿದ್ದುದರಿಂದ ಗ್ಯಾರಡ್ ಅವರಿಗೆ ಏನೂ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ, ಎಲ್ಲರೂ ನನ್ನನ್ನ ಯಾಕೆ ನೋಡಿದರು ಎಂದು ಕೇಳಿದರು. ಧಣಿಯ ಮೇಲಿನ ಪ್ರೀತಿಗೆ ಮನೆಯನ್ನೇ ಬಿಟ್ಟುಕೊಟ್ಟಿರಿ ಎಂದು ಪಾದ್ರಿಗಳು ಹೇಳಿದರು ಎಂದೆ.

“ಕೇಳಿಸಿದ್ರೆ ಅವತ್ತೇ ಗಂಟು ಕಟ್ತಿದ್ದೆ ಕಣಪ್ಪ,” ಎಂದರು ಗ್ಯಾರಡ್. ಆಮೇಲೆ, ಬಂದವರಿಗೆ ಚಹಾ ಕೊಡಬೇಕಲ್ಲ ಎಂದು ನೆನಪಿಸಿ, ಬೇಗ ಬೇಗ ಬಂಗಲೆಯ ಕಡೆ ನಡೆದರು.

ದೊಡ್ಡ ಮನೆಗಳ ಚರಿತ್ರೆಯಲ್ಲಿ ಆಳುಗಳ ನಿಷ್ಠೆಗೆಂದು ಒಂದು ಅಧ್ಯಾಯ ಇದ್ದೇ ಇರುತ್ತದೆ. ಅದನ್ನು ಬರೆದವರು ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಗ್ಯಾರಡ್ ಅವರಂಥವರಲ್ಲಿ ನಿಷ್ಠೆ ಧಾರಾಳವಾಗಿತ್ತು, ಅದರಲ್ಲೇ ಅವರು ಸವೆದರು. ಆದರೆ ಬೇಕು, ಬೇಡ, ಸಾಕು ಎಂಬ ಸಣ್ಣ ಮಾತುಗಳೂ ಅವರಲ್ಲಿದ್ದವು. ಅಷ್ಟನ್ನು ತಿಳಿಯಲು ಕೂತವರು ಕುರ್ಚಿಯಲ್ಲಿ ಒಂದಿಷ್ಟು ಹಿಂದಕ್ಕೆ ತಿರುಗಿ, ಮುಖ ನೋಡಿ ಕೇಳಿದ್ದರೆ ಸಾಕಾಗಿತ್ತು.