ಡ್ವೇನನ ಪಿಟೀಲಿಗೆ ಬಾಯಿ ಬಂದ ಸಂಜೆ

ಡ್ವೇನ್ ಹಾಲ್ವರ್ಸನ್ ಊರಿನ ವಾದ್ಯವೃಂದದಲ್ಲಿ ಮೊದಲ ಕುರ್ಚಿಯ ಪಿಟೀಲುಗಾರ. ಅಂದರೆ ಎಲ್ಲರೂ ಕೂತ ಮೇಲೆ ಒಬ್ಬನೇ ನಡೆದು ಬಂದು, ಏನೂ ನುಡಿಸದೆಯೇ ಚಪ್ಪಾಳೆ ಗಿಟ್ಟಿಸುವ ಹಕ್ಕುಳ್ಳವನು. ಹಗಲು ಹೈಸ್ಕೂಲಿನ ಮಕ್ಕಳಿಗೆ ಪಾಠ ಹೇಳುತ್ತಿದ್ದ, ಸಂಜೆ ಹೆಂಡತಿ ಲವೋನಳಿಗೆ ತನ್ನ ಪಿಟೀಲಿನ ಮೇಲೆ ಚಾಡಿ ಹೇಳುತ್ತಿದ್ದ. ಮೇಲಿನ ತಂತಿ ಕಿರುಚುತ್ತದೆ, ಕೆಳಗಿನದು ಗೊರಕೆ ಹೊಡೆಯುತ್ತದೆ, ಈ ಮರದ ತುಂಡನ್ನು ದೇವರೇ ಬಂದು ನುಡಿಸಿದರೂ ಇಷ್ಟೇ. ಒಳ್ಳೆಯದೊಂದು ಪಿಟೀಲಿದ್ದಿದ್ದರೆ ತಾನು ಈ ವಿಸ್ಕಾನ್ಸಿನ್ ಮೂಲೆಯಲ್ಲಿ ಕೊಳೆಯುತ್ತಿರಲಿಲ್ಲ.

ಆ ಒಳ್ಳೆಯ ಪಿಟೀಲಿಗಾಗಿ, ಲವೋನಳ ಅಪ್ಪ ಕೆರೆ ದಂಡೆಯಲ್ಲಿ ಕೈಯಾರೆ ಕಟ್ಟಿ ಮಗಳ ಹೆಸರಿಗೆ ಬರೆದಿಟ್ಟಿದ್ದ ಮರದ ಮನೆ ಮಾರಾಟಕ್ಕೆ ನಿಂತಿತ್ತು. ಸೋಮವಾರ ರುಜು. ಲವೋನಳಿಗೆ ಅದು ಸುತರಾಂ ಇಷ್ಟವಿರಲಿಲ್ಲ. ಆದರೂ ಪಿಟೀಲಿನ ಗುಣ ತನಗೇನು ಗೊತ್ತು ಎಂದು ಒಪ್ಪಿಕೊಂಡಿದ್ದಳು.

ಶನಿವಾರದ ಕಛೇರಿಗೆ ನ್ಯೂಯಾರ್ಕಿನಿಂದ ಅತಿಥಿಯಾಗಿ ಪಿಟೀಲುಗಾರ್ತಿ ಕ್ಲಾರಿಸ್ಸಾ ವೆಂಟ್ ಬಂದಿದ್ದಳು. ಊರಿನ ರಸಿಕರು ದೊಡ್ಡ ಮನಸ್ಸಿನವರು, ಏನು ನುಡಿಸಿದರೂ ಕೊನೆಗೆ ಎದ್ದು ನಿಂತೇ ಚಪ್ಪಾಳೆ ತಟ್ಟುತ್ತಾರೆ. ಎದ್ದು ನಿಂತರೆ ಕೋಟು ಹಾಕಿಕೊಳ್ಳುವುದು ಸುಲಭ, ಕೋಟು ಹಾಕಿಕೊಂಡವರ ಕಾರು ಮೊದಲು ಹೊರಬೀಳುತ್ತದೆ. ಲವೋನಳ ಪಕ್ಕದಲ್ಲಿ ಬ್ಯಾಂಕಿನ ವರ್ನಾ ಗಂಟಲು ಗುಳಿಗೆಯ ಕಾಗದವನ್ನು ಯಾರಿಗೂ ತೊಂದರೆಯಾಗದಂತೆ ಬಹಳ ಹೊತ್ತು ಬಿಚ್ಚುತ್ತಲೇ ಇದ್ದಳು.

ಮೊದಲ ಭಾಗದ ನಡುವೆ ಕ್ಲಾರಿಸ್ಸಾಳ ತಂತಿ ಪಟ್ಟೆಂದು ಹರಿಯಿತು. ಇಂಥ ಹೊತ್ತಿನಲ್ಲಿ ಮೊದಲ ಕುರ್ಚಿಯವನು ತನ್ನ ಪಿಟೀಲನ್ನು ಅತಿಥಿಗೆ ಕೊಟ್ಟು ಪಕ್ಕದವರದನ್ನು ತಾನು ತೆಗೆದುಕೊಳ್ಳಬೇಕು, ತಂತಿ ಹರಿದದ್ದು ಹೊಸ ತಂತಿ ಕಟ್ಟಿಸಿಕೊಳ್ಳಲು ಕೈಯಿಂದ ಕೈಗೆ ಹಿಂದಿನ ಸಾಲಿಗೆ ಹೋಗಬೇಕು. ಅದು ಕಟ್ಟಳೆ. ಡ್ವೇನ್ ತನ್ನದನ್ನು ಕೊಟ್ಟ. ಆದರೆ ಅವಳ ಬೆಲೆಬಾಳುವ ಪಿಟೀಲು ಕೈಗೆ ಬಂದದ್ದೇ ತಡ, ಹಿಂದಕ್ಕೆ ದಾಟಿಸದೆ ಮಗುವಿನಂತೆ ಅಪ್ಪಿಕೊಂಡು ಕೂತುಬಿಟ್ಟ. ವೃಂದ ಅವನಿಲ್ಲದೆಯೇ ಸಾಗಿತು. ಮೊದಲಿಗಿಂತ ಒಂದಿಷ್ಟು ಚೆನ್ನಾಗಿಯೇ ಸಾಗಿತು ಅನ್ನಬೇಕು.

ಕ್ಲಾರಿಸ್ಸಾ ಆ ಮರದ ತುಂಡಿನ ಮೇಲೆ ತನ್ನ ಕಮಾನು ಎಳೆದಳು. ಕಿರುಚಬೇಕಾದ ತಂತಿ ಕಿರುಚಲಿಲ್ಲ, ಗೊರಕೆ ಹೊಡೆಯಬೇಕಾದದ್ದು ಎದೆಗೇ ಬಂದು ಮಾತಾಡಿತು. ಅಡುಗೆಮನೆಯ ಗೋಡೆಯಾಚೆ ದಿನವೂ ಕೇಳಿದ್ದ ಪಿಟೀಲು ಇದೇನಾ ಎಂದು ಲವೋನಳ ಕಣ್ಣಲ್ಲಿ ನೀರು ಬಂತು. ಮೊದಲು ಬಂದದ್ದು ಸಂಗೀತಕ್ಕೆ, ಆಮೇಲೆ ಬಂದದ್ದು ಸಿಟ್ಟಿಗೆ. ವರ್ನಾ ಗುಳಿಗೆಯನ್ನು ಅರ್ಧ ಬಿಚ್ಚಿ ಹಾಗೇ ಬಿಟ್ಟಳು. ಕೊನೆಗೆ ಎದ್ದು ನಿಂತ ಜನ ಕೋಟನ್ನೇ ಮರೆತರು.

ಪಿಟೀಲು ಮರಳಿಸುವಾಗ ಕ್ಲಾರಿಸ್ಸಾ, ಇಂಥದ್ದು ಸಿಗುವುದು ಅಪರೂಪ, ಯಾರಿಗೂ ಮಾರಿಬಿಡಬೇಡಿ ಎಂದು ಡ್ವೇನನಿಗೆ ಮನಸಾರೆ ಹೇಳಿದಳು. ಅವನು ಹಲ್ಲು ಕಿರಿದ.

ಲವೋನ್ ಕಾರು ಓಡಿಸುತ್ತಿದ್ದಳು. ಅರ್ಧ ದಾರಿಯವರೆಗೆ ಡ್ವೇನ್ ಪಿಟೀಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಅವಳಿಗೆ ಇನ್ನೇನು ಅಯ್ಯೋ ಪಾಪ ಅನ್ನಿಸಬೇಕು, ಅಷ್ಟರಲ್ಲಿ ಅವನು ಗಂಟಲು ಸರಿಮಾಡಿಕೊಂಡ.

"ಗಮನಿಸಿದ್ಯಾ? ಪಿಟೀಲು ನಂದಾದ್ರೂ ಕಮಾನು ಅವಳದೇ. ಗುಟ್ಟೆಲ್ಲಾ ಅದರಲ್ಲೇ ಇರೋದು. ಮನೆ ಮಾರಿದ್ರೆ ಅಂಥದ್ದೊಂದು ಕಮಾನು ತಗೋಬಹುದು."

"ಗಮನಿಸ್ದೆ," ಅಂದಳು ಲವೋನ್. "ಕೈನೂ ಅವಳದೇ. ಅದನ್ನ ಯಾವ ಮನೆ ಮಾರಿ ತರ್ತೀಯಾ?"

ಸೋಮವಾರ ರುಜುವಿನ ಹೊತ್ತಿಗೆ ಅವಳು ಕೆರೆ ಮನೆಗೆ ಹೋದಳು, ಮೀನು ಹಿಡಿಯಲು.