ಬಕೀಟಿನ ಬ್ಯಾಟರಿ

ಸವಣೂರಿನ ಹಯಾತ ಸಂತೆಯಲ್ಲಿ ಟಾರ್ಚು ಮಾರುವ ಮನುಷ್ಯ. ಹಾನಗಲ್ಲಿಗೆ ಹೋಗಲಿ, ಹಿರೇಕೆರೂರಿಗೆ ಹೋಗಲಿ, ಅವನ ಅಂಗಡಿಯೆಂದರೆ ಒಂದು ತಾಡಪತ್ರಿ, ಅದರ ಮೇಲೆ ಡಬ್ಬಿಗಳ ಸಾಲು, ಪಕ್ಕದಲ್ಲಿ ನೀರು ತುಂಬಿದ ಒಂದು ಬಕೀಟು. ಅಗ್ಗದ ಪ್ಲಾಸ್ಟಿಕ್ ಮಾಲನ್ನು ಅವನು ಮೂಸಿಯೂ ನೋಡುವುದಿಲ್ಲ. ಅವನದೆಲ್ಲ ಅಲ್ಯೂಮಿನಿಯಂ ಮೈ, ದಪ್ಪ ಗಾಜು, ಕೈ ಜಾರದಂತೆ ಸುತ್ತಲೂ ಗೀರು ಹೊಡೆದ ದುಬಾರಿ ಮಾಲು. ಜನ ಟಾರ್ಚಿಗೆ ಬ್ಯಾಟರಿ ಎಂದೇ ಅನ್ನುತ್ತಾರೆ. ಹಯಾತ ಮಾತ್ರ ತನ್ನದನ್ನು "ಜಿಂದಗಿ ಮಾಲು" ಅನ್ನುತ್ತಾನೆ. ಜಂಬ ಅವನಿಗೆ ಒಂದು ತೂಕ ಹೆಚ್ಚೇ. ಆದರೆ ಮೋಸಗಾರನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು.

ಅವನು ಮಾರುವ ರೀತಿಯೇ ಬೇರೆ. ಒಂದು ಟಾರ್ಚನ್ನು ಹೊತ್ತಿಸಿ, ಕಲ್ಲಿನ ಮೇಲೆ ನಾಲ್ಕು ಸಲ ಕುಟ್ಟಿ, ಹಾಗೇ ಬಕೀಟಿಗೆ ಹಾಕುತ್ತಾನೆ. ಅದು ನೀರಿನ ತಳದಲ್ಲಿ ಬಿಟ್ಟ ಕಣ್ಣು ಮುಚ್ಚದೆ ಉರಿಯುತ್ತಿರುತ್ತದೆ. ಜನ ಬಗ್ಗಿ ನೋಡುತ್ತಾರೆ, ಹಯಾತ ಮಾತು ಶುರು ಮಾಡುತ್ತಾನೆ. ಎರಡು ವರ್ಷದಿಂದ ಪೆಟ್ಟು ತಿನ್ನುತ್ತಿರುವುದು ಅದೊಂದೇ ಟಾರ್ಚು. ಅದು ತೋರಿಸುವುದಕ್ಕೆ. ಮಾರುವುದು ಡಬ್ಬಿಯಲ್ಲಿರುವ ಹೊಸದನ್ನು, ಕಂಪನಿಯ ಸೀಲು ಒಡೆಯದೆ.

ಆ ವಾರ ಶಿಗ್ಗಾಂವ ಸಂತೆಯಲ್ಲಿ ತಡಸದ ಮೈಲಾರಲಿಂಗ ಬಂದ. ಬಾವಿಯಲ್ಲಿ ಮೋಟರು ಸಿಕ್ಕಿಕೊಂಡರೆ ಉಸಿರು ಬಿಗಿಹಿಡಿದು ಮುಳುಗಿ ಅದನ್ನು ಬಿಡಿಸಿ ಕೊಡುವುದು ಅವನ ಕಸುಬು. ಅವನು ಡಬ್ಬಿಗಳ ಕಡೆ ನೋಡಲೇ ಇಲ್ಲ. ಬಕೀಟಿಗೆ ಬೆರಳು ತೋರಿಸಿದ.

"ಇದನ್ನ ಕೊಡ್ರಿ ಸಾಹೇಬ್ರ."

"ಅದು ತೋರಸಾಕ ಇಟ್ಟದ್ದರಿ. ಬಡಿಸಿಕೊಂಡು ಬಡಿಸಿಕೊಂಡು ಹಣ್ಣಾಗೇತಿ. ಹೊಸಾದು ತಗೋರಿ."

"ಹೋದ ವರ್ಷ ಹಿಂಗ ಒಬ್ಬಂವ ನೀರಾಗ ಮುಳುಗಿಸಿ ತೋರಿಸಿದ. ಡಬ್ಬಿ ಒಳಗಿಂದು ಕೊಟ್ಟ. ಬಾವ್ಯಾಗ ಇಳಿದ ಕೂಡ್ಲೆ ಆರಿ ಹೋತು. ನಿಮ್ಮ ಮಂದಿ ತೋರಸೋದೊಂದು, ಕೊಡೋದೊಂದು. ನನಗ ಕಣ್ಣಿಗೆ ಕಂಡದ್ದ ಬೇಕು."

ಸುತ್ತ ನಿಂತವರು ನಕ್ಕರು. ಹಯಾತನಿಗೆ ಮೈಯೆಲ್ಲ ಉರಿಯಿತು. ಟಾರ್ಚನ್ನು ನೀರಿನಿಂದ ಎಳೆದು, ಲುಂಗಿಗೆ ಒರೆಸಿ ಮೈಲಾರಲಿಂಗನ ಕೈಗೆ ತುರುಕಿದ.

"ತಗೋರಿ. ಹಯಾತನ ಮಾಲು ಹಳೇದಾದ್ರೂ ಹೊಸಾದ."

"ನಾಳೆ ಮುಂಜಾನೆ ನಮ್ಮೂರ ಹೊಳಬಸಪ್ಪನ ಬಾವ್ಯಾಗ ಕೆಲಸ ಐತಿ," ಎಂದ ಮೈಲಾರಲಿಂಗ. "ಅಲ್ಲೇ ಗೊತ್ತಾಗ್ತೈತಿ ಇದರ ಹಣೇಬಾರ."

ಸಂಜೆ ಮನೆಗೆ ಬಂದಾಗ ಹೆಂಡತಿ ಶಾಕೀರಾ ಚೀಲಕ್ಕೆ ಕೈ ಹಾಕಿದಳು. ಪ್ರತಿ ಸಂತೆಯ ಸಂಜೆ ಬಕೀಟಿನ ಟಾರ್ಚನ್ನು ಬಿಚ್ಚಿ, ಒಣಗಿಸಿ, ತಿರುಪಿಗೆ ಗ್ರೀಸು ಸವರಿ ಇಡುವವಳು ಅವಳೇ. ಟಾರ್ಚು ಸಿಗಲಿಲ್ಲ. ಹಯಾತ ನಗುತ್ತ ನಡೆದದ್ದನ್ನು ಹೇಳಿದ. ಅವಳು ನಗಲಿಲ್ಲ.

"ಅದರಾಗ ಕಂಪನಿ ರಿಂಗು ಇಲ್ಲರಿ. ನೀರು ತಡಿಯೋ ರಬ್ಬರ್ ರಿಂಗು ಹರದು ಹೋಗಿತ್ತಲ್ಲ, ಬೆಳಿಗೆ ಎಣ್ಣಿ ಹೊಡಿಯೋ ಪಂಪಿನ ರಿಂಗು ತಿಕ್ಕಿ ಕೂಡಿಸೇನಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ದೆ. ನೀವು ಫೋನ್ ನೋಡ್ಕೋಂತ ಹೂಂ ಅಂದ್ರಿ." ಅವಳು ಅಲ್ಲೇ ಕುಳಿತುಬಿಟ್ಟಳು. "ಬಕೀಟಿನಾಗ ಗೇಣು ನೀರು. ಬಾವಿ ತಳದಾಗ ನನ್ನ ರಿಂಗು ತಡೀತೈತೇನ್ರಿ? ಕೆಳಗ ಇದ್ದಾಗ ಆರಿದ್ರ ಅಂವ ಏನ್ ಮಾಡಬೇಕು?"

ಹಯಾತನಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಕೋಪದ ಭರದಲ್ಲಿ ಒಬ್ಬನ ಜೀವದ ಜೊತೆ ಆಟವಾಡಿದೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಮೈಲಾರಲಿಂಗನ ಫೋನ್ ನಂಬರು ಅವನ ಬಳಿ ಇರಲಿಲ್ಲ. ಊರು ಗೊತ್ತು, ಬಾವಿ ಗೊತ್ತು, ಅಷ್ಟೇ. ಬೆಳಗಿನ ಮೊದಲ ಬಸ್ಸಿಗೆ ಹೊರಟ. ಶಾಕೀರಾ ಚಪ್ಪಲಿ ಮೆಟ್ಟಿ ಮುಂದೆ ನಿಂತಿದ್ದಳು.

"ನೀವೊಬ್ಬರ ಹೋದ್ರ ಜಗಳ ಮಾಡಿ ಬರ್ತೀರಿ," ಅಂದಳು.

ಸೀಲು ಒಡೆಯದ ಎರಡು ಡಬ್ಬಿ ಚೀಲದಲ್ಲಿಟ್ಟುಕೊಂಡು, ಶಿಗ್ಗಾಂವದಲ್ಲಿ ಬಸ್ಸು ಬದಲಿಸಿ, ತಡಸದಲ್ಲಿಳಿದು ಹೊಲ ವಿಚಾರಿಸುತ್ತ ಹೋದರು. ಮೈಲಾರಲಿಂಗ ಬಾವಿಯ ದಂಡೆಯಲ್ಲಿ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ. ಹಗ್ಗದ ಇನ್ನೊಂದು ತುದಿ ಅವನ ಹೆಂಡತಿ ದುರಗವ್ವನ ಕೈಯಲ್ಲಿತ್ತು. ಹೊಲದ ಯಜಮಾನ ಹೊಳಬಸಪ್ಪ ಬೇವಿನ ನೆರಳಲ್ಲಿ ನಿಂತು, ನೀರಿಲ್ಲದೆ ಮೆಕ್ಕೆಜೋಳ ಬಾಡುತ್ತಿದೆ ಎಂದು ಗೊಣಗುತ್ತಿದ್ದ.

ಹಯಾತ ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದ. ಮೈಲಾರಲಿಂಗ ಪೂರ್ತಿ ಕೇಳಿಸಿಕೊಂಡು ಹೊಳಬಸಪ್ಪನ ಕಡೆ ತಿರುಗಿದ.

"ನೋಡ್ರಿ ಧಣ್ಯಾರ. ಒಳ್ಳೇದು ಕೈ ಬಿಟ್ಟು ಹೋತಂತ ಇವರಿಗೆ ನಿದ್ದಿ ಬಂದಿಲ್ಲ. ಬದಲಿ ಮಾಡಾಕ ಬಂದಾರ."

"ಅಲ್ಲರಿ ಅಣ್ಣಾರ," ಎಂದ ಹಯಾತ. ಸಂತೆಯಾಗಿದ್ದರೆ ಈ ಮಾತಿಗೆ ಹಯಾತ ಜಗಳಕ್ಕೇ ನಿಲ್ಲುತ್ತಿದ್ದ. ಇಲ್ಲಿ ಕೈ ಮುಗಿದ. "ನಿಮ್ಮ ಪಾದಾ ಹಿಡೀತೇನಿ, ಅದನ್ನ ಕಟ್ಕೊಂಡು ಇಳಿಬ್ಯಾಡ್ರಿ."

ಮೈಲಾರಲಿಂಗ ಬಗ್ಗಲಿಲ್ಲ. ಶಾಕೀರಾ ದುರಗವ್ವನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ರಿಂಗಿನ ಕತೆ ಹೇಳಿದಳು. ತಾನೇ ತಿಕ್ಕಿ ಕೂಡಿಸಿದ್ದು, ತನಗೇ ಅದರ ಮೇಲೆ ನಂಬಿಕೆಯಿಲ್ಲ ಅಂದಳು. ದುರಗವ್ವ ಅವಳ ಮುಖವನ್ನೇ ನೋಡಿದಳು. ಆಮೇಲೆ ಗಂಡನಿಗೆ ಹೇಳಿದಳು.

"ಮೋಸ ಮಾಡೋರು ಮಾರಿ ಓಡಿ ಹೋಗ್ತಾರ. ಎರಡು ಬಸ್ ಹತ್ತಿ ಬೆನ್ನ ಹತ್ತತಾರೇನು? ಇವರ ಮಾತು ಕೇಳು. ಹೊಸಾದು ಕಟ್ಕೋ."

ಹೊಳಬಸಪ್ಪನೂ ತಲೆಯಾಡಿಸಿದ. ಮೈಲಾರಲಿಂಗ ಒಲ್ಲದ ಮನಸ್ಸಿನಿಂದ ಹಳೆಯದನ್ನು ಬಿಚ್ಚಿ ಕೊಟ್ಟ. ಹಯಾತ ಅದನ್ನು ಚೀಲಕ್ಕೆ ಹಾಕಿ, ಒಂದು ಡಬ್ಬಿಯ ಸೀಲು ಒಡೆದು ಸೆಲ್ಲು ಹಾಕಿ, ಹೊಸ ಟಾರ್ಚನ್ನು ತಾನೇ ಅವನ ಮುಂಗೈಗೆ ಕಟ್ಟಿದ. ಹೋದ ಜೀವ ಬಂದಂತಾಯಿತು ಅವನಿಗೆ. ಬಂದದ್ದು ಸಾರ್ಥಕವಾಯಿತು ಅಂದುಕೊಂಡ.

ಮೈಲಾರಲಿಂಗ ಮುಳುಗಿದ. ಹಸಿರು ನೀರಿನಲ್ಲಿ ಬೆಳಕು ಇಳಿಯುತ್ತ ಹೋಯಿತು, ಸಣ್ಣದಾಯಿತು, ತಳದಲ್ಲಿ ಅತ್ತಿತ್ತ ಆಡಿತು. ಆಮೇಲೆ ಎರಡು ಸಲ ಮಿಣುಕಿ ಆರಿಹೋಯಿತು.

ದುರಗವ್ವ ಹಗ್ಗ ಜಗ್ಗಿದಳು. ಹಗ್ಗ ಬರಲಿಲ್ಲ. ಅವಳು ಕೂಗಲೂ ಇಲ್ಲ, ಕಾಲು ಕಲ್ಲಿಗೆ ಒತ್ತಿ ಇನ್ನೂ ಜೋರಾಗಿ ಜಗ್ಗಿದಳು. ಹೊಳಬಸಪ್ಪ ಓಡಿಬಂದ, ಹಯಾತ ಹಗ್ಗಕ್ಕೆ ಬಿದ್ದ, ಶಾಕೀರಾ ಕೂಡ ಹಿಡಿದಳು. ಎಲ್ಲರೂ ಸೇರಿ ಎಳೆದಾಗ ಕೆಳಗೆ ಏನೋ ಸಡಿಲವಾಯಿತು. ಮೈಲಾರಲಿಂಗನ ತಲೆ ಮೇಲೆ ಬಂತು. ಕೆಮ್ಮುತ್ತ ಮೆಟ್ಟಿಲು ಹಿಡಿದುಕೊಂಡ. ಅಂಗೈ ಸೀಳಿ ರಕ್ತ ಸುರಿಯುತ್ತಿತ್ತು.

"ಕೇಬಲ್ಲಿನ ಉರುಳಿನಾಗ ಕೈ ಸಿಕ್ಕಿತ್ತು," ಎಂದ, ಉಸಿರು ಬಂದ ಮೇಲೆ. "ಕಾಣವಲ್ದಾಗಿತ್ತು."

ಒಂದು ಬೈಗುಳ ಬೈದಿದ್ದರೂ ಹಯಾತನಿಗೆ ಸಮಾಧಾನವಾಗುತ್ತಿತ್ತು.

ಟಾರ್ಚಿನ ಗಾಜಿನ ಹಿಂದೆ ನೀರು ತುಂಬಿತ್ತು. ಹಯಾತ ಅದನ್ನು ಬಿಚ್ಚಿದ. ಒಳಗಿನ ರಿಂಗು ದಾರದಷ್ಟು ತೆಳ್ಳಗೆ, ತಿರುಪಿಗೆ ಸಿಕ್ಕಿ ಕಚ್ಚಿಸಿಕೊಂಡಿತ್ತು.

"ಇದೊಂದ ಹಿಂಗ ಬಂದಿರಬೇಕು," ಎಂದ.

ಶಾಕೀರಾ ಎರಡನೆಯ ಡಬ್ಬಿ ಒಡೆದಳು. ಅದರ ರಿಂಗೂ ಅಷ್ಟೇ ತೆಳುವಾಗಿತ್ತು. ಗ್ರೀಸಿನ ಒಂದು ಹನಿಯೂ ಇರಲಿಲ್ಲ, ಒಣಗಿದ ತಿರುಪು ಅಲುಗಾಡುತ್ತಿತ್ತು. ಮೈ ಮಾತ್ರ ಥಳಥಳ. ಸೀಲು ಒಡೆದ ಮಾಲನ್ನು ಗಿರಾಕಿ ಮುಟ್ಟುವುದಿಲ್ಲವೆಂದು ಹಯಾತ ಇಷ್ಟು ವರ್ಷ ಒಂದು ಡಬ್ಬಿಯನ್ನೂ ಬಿಚ್ಚಿ ನೋಡಿರಲಿಲ್ಲ.

ದುರಗವ್ವ ಸೆರಗು ಹರಿದು ಗಂಡನ ಕೈಗೆ ಸುತ್ತಿದಳು. ಮೈಲಾರಲಿಂಗ ಇನ್ನೊಂದು ಕೈ ಚಾಚಿದ.

"ಹಳೇದು ಕೊಡ್ರಿ."

"ಇವತ್ತು ಬ್ಯಾಡ್ರಿ ಅಣ್ಣಾರ. ಇದೂ ಹ್ಯಾಂಗೋ ಏನೋ, ನನಗ ಗೊತ್ತಿಲ್ಲ."

"ನಿಮಗ ಗೊತ್ತಿಲ್ಲ ಅಂತ ನನಗ ಗೊತ್ತಾತು. ಉರುಳು ಅರ್ಧ ಬಿಚ್ಚೇನಿ. ಕೊಡ್ರಿ."

ಮೈಲಾರಲಿಂಗನೇ ಚೀಲದಿಂದ ತೆಗೆದುಕೊಂಡು, ಕಟ್ಟಿಕೊಂಡು ಇಳಿದ. ಈ ಸಲ ಬೆಳಕು ತಳ ಮುಟ್ಟಿ ಅಲ್ಲೇ ನಿಂತಿತು. ಅವನು ಮೇಲೆ ಬಂದು ಉಸಿರು ತಗೊಂಡು ಮತ್ತೆ ಮುಳುಗಿದ, ಮತ್ತೆ ಬಂದ. ಶಾಕೀರಾಳ ಪಂಪಿನ ರಿಂಗು ಒಂದು ಹನಿ ನೀರನ್ನೂ ಒಳಗೆ ಬಿಡಲಿಲ್ಲ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದಳು, ಸಂತೋಷಪಡುವುದಕ್ಕೂ ಅವಳಿಗೆ ಆಗಲಿಲ್ಲ.

ದುರಗವ್ವ ಹಗ್ಗದಿಂದ ಕಣ್ಣು ತೆಗೆಯದೆ ಹೇಳಿದಳು, "ನೀವು ಬರಲಾರದ ಮನ್ಯಾಗ ಇದ್ದಿದ್ರ ಚಲೋ ಇತ್ತರಿ."

ಹಯಾತ ಹೂಂ ಅಂದ. ಮೋಟರು ಮೇಲೆ ಬರುವ ತನಕ ನಿಂತು, ಗಂಡ ಹೆಂಡತಿ ಹೇಳದೆ ಕೇಳದೆ ಹೊಲದ ದಾರಿ ಹಿಡಿದರು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಹಯಾತ ಹೇಳಿದ.

"ಬಕೀಟಿಂದ ಬೇಕು ಅಂತ ಇವನೊಬ್ಬನ ಅಲ್ಲ, ಬಾಳ ಮಂದಿ ಕೇಳಿದ್ರು ಶಾಕೀರಾ. ನಾನ ಬ್ಯಾಡ ಅಂದೆ. ಅದು ಹಳೇದು, ನಿಮಗ ಮೋಸ ಆಗ್ತೈತಿ ಅಂತ ಹೇಳಿ, ಒಬ್ಬೊಬ್ಬರಿಗೂ ಹೊಸಾದ ಕೊಟ್ಟು ಕಳಿಸೇನಿ."