ಅತ್ತೆ ಮೊದಲು ಕೊಟ್ಟ ಕಿಡ್ನಿ

ಅತ್ತೆ ಸೊಸೆಗೆ ಧಾರಾಳವಾಗಿ ಕೊಟ್ಟದ್ದೆಂದರೆ ಬೈಗುಳ ಮಾತ್ರ ಎಂದು ನೆಂಟರು ನಗುತ್ತಿದ್ದ ಮನೆ ಅದು. ಅತ್ತೆ ಬಟ್ಟೆ ಹೊಲಿಯುವವಳು, ಸೊಸೆ ಬಸ್ ಓಡಿಸುವವಳು. ಸೊಸೆಯ ಎರಡೂ ಕಿಡ್ನಿ ಕೈಕೊಟ್ಟಾಗ ಗಂಡ ಕೊಡೋಣವೆಂದರೆ ಅವನಿಗೆ ಸಕ್ಕರೆ ಕಾಯಿಲೆ. ತವರಿನಲ್ಲಿ ಯಾರೂ ಉಳಿದಿರಲಿಲ್ಲ. "ನಂದು ತಗೊಳ್ಳಿ" ಎಂದು ಅತ್ತೆಯೇ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ರಕ್ತದ ಗುಂಪು ಹೊಂದಲಿಲ್ಲ.

"ನೋಡಿದ್ರಾ, ನಾವು ಅತ್ತೆ-ಸೊಸೆ ಅಂತ ರಕ್ತಕ್ಕೂ ಗೊತ್ತು" ಎಂದಳು ಸೊಸೆ.

ಅಲ್ಲಿ ಕಿಡ್ನಿ ಅದಲುಬದಲು ಮಾಡಿಸುವ ಡಾಕ್ಟರಮ್ಮ ಒಬ್ಬರಿದ್ದರು. ಇದೇ ಪಾಡಿನ ಇನ್ನೊಂದು ಜೋಡಿಯನ್ನು ಅವರು ಹುಡುಕಿದರು: ಒಬ್ಬ ಬಡಗಿ, ಅವನಿಗೆ ಕೊಡಲು ಬಂದ ಅವನ ಅಕ್ಕ. ಅತ್ತೆಯದು ಬಡಗಿಗೆ, ಅಕ್ಕನದು ಸೊಸೆಗೆ. ಎಲ್ಲ ಮುಗಿಯುವವರೆಗೆ ಆ ಕಡೆಯವರ ಮುಖ ಈ ಕಡೆಯವರು ನೋಡುವಂತಿಲ್ಲ. ಕೊಡುವವರ ಮನಸ್ಸು ಕೊನೆ ಗಳಿಗೆಯಲ್ಲಿ ತಿರುಗಿದರೂ ತಡೆಯುವಂತಿಲ್ಲ. ಅದಕ್ಕೇ ಇಬ್ಬರಿಗೂ ಒಂದೇ ಹೊತ್ತಿಗೆ ಕತ್ತಿ ಇಡುವುದು ಅಲ್ಲಿನ ಪದ್ಧತಿ.

ಆಪರೇಷನ್‌ಗೆ ಗೊತ್ತಾದ ದಿನ ಬೆಳಿಗ್ಗೆ ಸೊಸೆಗೆ ಮೈ ಬಿಸಿ. ಎಲ್ಲಿ ಅವಕಾಶ ತಪ್ಪೀತೋ ಎಂದು ಗುಟ್ಟಾಗಿ ಜ್ವರದ ಮಾತ್ರೆ ನುಂಗಿದಳು. ಕೆಮ್ಮನ್ನು ನುಂಗಲಾದೀತೆ? ಎಕ್ಸ್‌ರೇ ತೆಗೆದರೆ ಎದೆಯಲ್ಲಿ ಸೋಂಕು.

"ಕತ್ತೆ! ಬಾಯಲ್ಲೇನು ಕಡುಬಿಟ್ಕೊಂಡಿದ್ಯಾ? ಹೇಳೋಕೇನಾಗಿತ್ತು?" ಅತ್ತೆ ಗದರಿದಳು.

"ಇವತ್ತು ಇವರಿಗೆ ಆಗಲ್ಲ" ಎಂದರು ಡಾಕ್ಟರಮ್ಮ. "ಆದ್ರೆ ಆ ಬಡಗಿ ಕಾಯೋ ಹಾಗಿಲ್ಲ. ಡಯಾಲಿಸಿಸ್‌ಗೆ ಸೂಜಿ ಚುಚ್ಚೋಕೆ ನರಾನೇ ಉಳಿದಿಲ್ಲ. ನೀವು ಇವತ್ತೇ ಕೊಟ್ರೆ ಅವರು ಬದುಕ್ತಾರೆ. ಆಮೇಲೆ ಅವರಕ್ಕ ಒಲ್ಲೆ ಅಂದ್ರೆ ನಾನು ಎಳ್ಕೊಂಡು ಬರೋಕಾಗಲ್ಲ. ನಿಮ್ಮ ಹತ್ರ ಇನ್ನೊಂದು ಸಲ ಕೊಡೋಕೂ ಇರಲ್ಲ."

ಅತ್ತೆ ಸೊಸೆಯ ಮಂಚದ ಅಂಚಿನಲ್ಲಿ ಕುಳಿತಳು. "ಕಿಡ್ನಿ ನಂದು, ಪಣಕ್ಕಿಡೋ ಜೀವ ನಿಂದು. ನೀನೇ ಹೇಳಬೇಕು."

ಸೊಸೆ ಗೋಡೆಯ ಕಡೆ ತಿರುಗಿ ಮಲಗಿದಳು. ಕೆಮ್ಮುತ್ತ ಕೆಮ್ಮುತ್ತ ಮತ್ತೆ ಈ ಕಡೆ ಹೊರಳಿದಳು.

"ನನ್ನ ಮುಖಾನೂ ನೋಡ್ದೆ ಜನ ಬಸ್ ಹತ್ತಿ ನಿದ್ದೆ ಮಾಡ್ತಾರೆ ಅತ್ತೆ" ಎಂದಳು ಕಡೆಗೆ. "ಕೊಟ್ಬಿಡಿ."

ಅತ್ತೆ ಕೊಟ್ಟಳು. ಬಡಗಿಯ ಮೈಯಲ್ಲಿ ಹೊಸ ಕಿಡ್ನಿ ಕೆಲಸ ಹಿಡಿಯಿತೆಂದು ಸಂಜೆಗೇ ಸುದ್ದಿ ಬಂತು. ಆ ಅಕ್ಕನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಸೊಸೆಯ ಜ್ವರ ಇಳಿಯಿತು, ಕೆಮ್ಮು ಮಾತ್ರ ಹಟ ಹಿಡಿದು ಕುಳಿತಿತು. ಫೋನ್ ಸದ್ದಾದರೆ ಇಬ್ಬರೂ ಬೆಚ್ಚುತ್ತಿದ್ದರು. ಆ ಹೆಂಗಸಿನ ಮನಸ್ಸು ತಿರುಗದಿರಲಿ ಎಂದು ದೇವರನ್ನು ಕೇಳಲು ಅತ್ತೆಗೆ ನಾಚಿಕೆಯಾಯಿತು. ಮನಸ್ಸು ಅವಳದು, ಅದನ್ನು ಕಟ್ಟಿಹಾಕು ಎಂದು ಬೇಡುವುದು ಹೇಗೆ? "ಕೆಮ್ಮೊಂದು ಇಳಿಸಪ್ಪ" ಎಂದಷ್ಟೇ ಕೈಮುಗಿದಳು.

ಕೆಮ್ಮು ಇಳಿಯಿತು. ಮತ್ತೊಂದು ದಿನ ಗೊತ್ತಾಯಿತು. ಆ ಬೆಳಿಗ್ಗೆ ಸೊಸೆಯನ್ನು ಗಾಲಿಮಂಚದ ಮೇಲೆ ಮಲಗಿಸಿದ್ದರು. ಅತ್ತೆ ಹೊಲಿಗೆ ಹಾಕಿದ ಪಕ್ಕೆ ಹಿಡಿದುಕೊಂಡು ನಿಂತಿದ್ದಳು. ಡಾಕ್ಟರಮ್ಮ ಒಳಗಿನಿಂದ ಬಂದರು. ಅವರ ಮುಖ ಕೆಂಪಾಗಿತ್ತು.

"ಏನಾಯ್ತು? ಬರಲಿಲ್ವಾ?" ಅತ್ತೆ ಕೇಳಿದಳು.

"ಬರದೆ ಏನು! ಆಗಲೇ ಬಂದು ಮಲಗಿದ್ದಾರೆ. ಹೊಟ್ಟೆಗೆ ತೊಟ್ಟು ನೀರೂ ಕೊಡ್ದೆ ಕಾಯಿಸ್ತಿದ್ದೀರಿ, ಕೊಯ್ಯೋದಾದ್ರೆ ಬೇಗ ಕೊಯ್ದು ಕಳಿಸಿ ಅಂತ ಎಲ್ಲರಿಗೂ ಬೈತಿದ್ದಾರೆ!"

ಸೊಸೆ ಮಲಗಿದಲ್ಲೇ ಹಣೆ ಚಚ್ಚಿಕೊಂಡಳು. "ಅಯ್ಯೋ ದೇವರೇ, ಮನೇಲಿ ಒಬ್ಬರು ಸಾಲದು ಅಂತ ನನ್ನ ಹೊಟ್ಟೆಯೊಳಗೂ ಒಬ್ಬ ಅತ್ತೆ!"